ಬೇಡ ಅನ್ನಲು ಗೊತ್ತಿರುವ ಅಂಗಡಿ

ಹೋದ ತಿಂಗಳು ಒಂದು ರಾತ್ರಿ, ಹನ್ನೊಂದರ ಹೊತ್ತಿಗೆ, ಚಿಕ್ಕಪ್ಪನ ಮಗನಿಂದ ವಾಟ್ಸಾಪ್ ಮೆಸೇಜು ಬಂತು. ದಾವಣಗೆರೆಯಲ್ಲಿ ಇಂಜಿನಿಯರಿಂಗ್ ಓದುತ್ತಿದ್ದಾನೆ, ಕೊನೇ ವರ್ಷ.

"ಅಣ್ಣ, ಪ್ರಾಜೆಕ್ಟ್ ಶುರು ಮಾಡ್ತಿದೀವಿ. ಎನ್‌ಪಿಎಂ ಹಾಕ್ಲಾ, ಯಾರ್ನ್ ಹಾಕ್ಲಾ, ಪಿಎನ್‌ಪಿಎಂ ಹಾಕ್ಲಾ? ನಮ್ ಟೀಮಲ್ಲಿ ಒಬ್ಬ ಬನ್ ಅಂತ ಹಟ ಹಿಡಿದಿದಾನೆ. ಯಾವ್ದು ಫಾಸ್ಟು?"

ನಾಲ್ಕೂ ಪ್ಯಾಕೇಜ್ ಮ್ಯಾನೇಜರುಗಳು, ಅಂದರೆ ಬೇರೆಯವರು ಬರೆದಿಟ್ಟ ಕೋಡನ್ನು ನಮ್ಮ ಪ್ರಾಜೆಕ್ಟಿಗೆ ತಂದುಕೊಡುವ ಸಾಧನಗಳು. ಉತ್ತರ ಟೈಪ್ ಮಾಡಿದೆ, ಅಳಿಸಿದೆ. ಮತ್ತೆ ಟೈಪ್ ಮಾಡಿದೆ, ಮತ್ತೆ ಅಳಿಸಿದೆ. ಒಂದೇ ಪದದ ಉತ್ತರ ಕೊಟ್ಟು ಮಲಗಬಹುದಿತ್ತು. ಆದರೆ ಹತ್ತು ಹನ್ನೆರಡು ವರ್ಷ ಇದೇ ಕೆಲಸ ಮಾಡಿ, ನಾಲ್ಕಾರು ಸಲ ಕೈ ಸುಟ್ಟುಕೊಂಡ ಮೇಲೆ, ಯಾವುದು ಫಾಸ್ಟು ಅಂತ ಕೇಳುವುದನ್ನು ನಾನು ಬಿಟ್ಟಿದ್ದೇನೆ. ಈಗ ಕೇಳಿಕೊಳ್ಳುವ ಪ್ರಶ್ನೆ ಬೇರೆ. ಇದು ನನಗೆ ಯಾವಾಗ "ಆಗಲ್ಲ" ಅನ್ನುತ್ತೆ?

ಇಷ್ಟನ್ನೇ ವಾಟ್ಸಾಪಿನಲ್ಲಿ ಕಳಿಸಿದರೆ ಹುಡುಗ ತಲೆ ಕೆರೆದುಕೊಳ್ಳುತ್ತಾನೆ. "ನಾಳೆ ಹೇಳ್ತೀನಿ" ಅಂದು ಮಲಗಿದೆ. ಅವನಿಗೆ ಹೇಳಬೇಕು ಅಂದುಕೊಂಡಿದ್ದೆಲ್ಲ ಇಲ್ಲಿದೆ.

*

ನಮ್ಮೂರು ಶಿವಮೊಗ್ಗ ಜಿಲ್ಲೆಯ ಸಾಗರದ ಹತ್ತಿರ. ಚಿಕ್ಕವನಿದ್ದಾಗ ತಿಂಗಳಿಗೊಮ್ಮೆ ಅಪ್ಪಯ್ಯ ದಿನಸಿ ಚೀಟಿ ಬರೆದುಕೊಟ್ಟು ನನ್ನನ್ನು ಪೇಟೆಗೆ ಕಳಿಸುತ್ತಿದ್ದರು. ತೊಗರಿಬೇಳೆ 2 ಕೆಜಿ, ಬೆಲ್ಲ 3 ಕೆಜಿ, ಸಾಸಿವೆ ಕಾಲು ಕೆಜಿ, ಅಷ್ಟೇ. ಯಾವ ಬೇಳೆ, ಯಾವ ಬೆಲ್ಲ ಅಂತ ಬರೆದಿರುತ್ತಿರಲಿಲ್ಲ. ಅದು ಅಂಗಡಿಯವರಿಗೆ ಗೊತ್ತಿತ್ತು. ಅವರ ಗಲ್ಲಾದ ಪಕ್ಕ ಕೆಂಪು ರಟ್ಟಿನ ಉದ್ದನೆಯ ಲೆಕ್ಕದ ಪುಸ್ತಕ ಇರುತ್ತಿತ್ತು. ನಮ್ಮ ಮನೆಯ ಪುಟ ತೆಗೆದು, ಹೋದ ಸಲ ಯಾವುದು ಕೊಟ್ಟಿದ್ದು ಅಂತ ನೋಡಿ, ಅದನ್ನೇ ಕಟ್ಟಿಕೊಡುತ್ತಿದ್ದರು.

ಒಂದು ಸಲ ಹೀಗಾಯಿತು. ಚೀಟಿ ನೋಡಿ, ಒಳಗೆ ಹೋಗಿ ಬಂದು, "ಈ ಸಲದ ಬೆಲ್ಲ ಬೇಡ ಮಾಣಿ, ನೀರು ಬಿಡ್ತಾ ಇದೆ. ಮುಂದಿನ ವಾರ ಬಾ" ಅಂದರು. ದುಡ್ಡು ಕೈಯಲ್ಲಿತ್ತು, ಬೆಲ್ಲ ಅವರ ಅಂಗಡಿಯಲ್ಲಿತ್ತು, ಆದರೂ ಕೊಡಲಿಲ್ಲ. ನನಗೆ ಸಿಟ್ಟು ಬಂತು. ಮನೆಗೆ ಬಂದು ಹೇಳಿದರೆ ಅಪ್ಪಯ್ಯ "ಒಳ್ಳೇದಾಯ್ತು" ಅಂದು ಪೇಪರ್ ಓದುವುದನ್ನು ಮುಂದುವರಿಸಿದರು.

ಈ ಕಸುಬಿನ ಹೊರಗಿನವರಿಗೆ ಪ್ಯಾಕೇಜ್ ಮ್ಯಾನೇಜರ್ ಅಂದರೆ ಏನು ಅಂತ ಹೇಳಬೇಕಾದಾಗ ನನಗೆ ಇದೇ ಅಂಗಡಿ ನೆನಪಾಗುತ್ತೆ. ಇವತ್ತು ಯಾರೂ ಸಾಫ್ಟ್‌ವೇರನ್ನು ಬುಡದಿಂದ ಬರೆಯುವುದಿಲ್ಲ. ದಿನಾಂಕ ತೋರಿಸಲು ಒಂದು, ಪಾಸ್‌ವರ್ಡ್ ಗುಪ್ತವಾಗಿಡಲು ಒಂದು, ಚಿತ್ರ ಚಿಕ್ಕದು ಮಾಡಲು ಒಂದು ಅಂತ ಬೇರೆಯವರು ಬರೆದಿಟ್ಟ ತುಂಡುಗಳನ್ನು ತಂದು ಜೋಡಿಸುತ್ತೇವೆ. ಆ ತುಂಡುಗಳೇ ಪ್ಯಾಕೇಜುಗಳು. ನೋಡ್ ಜೆಎಸ್ (ಜಾವಾಸ್ಕ್ರಿಪ್ಟ್ ಕೋಡನ್ನು ಬ್ರೌಸರಿನ ಹೊರಗೆ ಓಡಿಸುವ ವ್ಯವಸ್ಥೆ) ಲೋಕದಲ್ಲಿ ನಮ್ಮ ದಿನಸಿ ಚೀಟಿಯ ಹೆಸರು ಪ್ಯಾಕೇಜ್ ಡಾಟ್ ಜೇಸನ್. ಅಂಗಡಿಯ ಲೆಕ್ಕದ ಪುಸ್ತಕ ಲಾಕ್‌ಫೈಲ್. ತಂದ ಸಾಮಾನನ್ನೆಲ್ಲ ತುಂಬಿಡುವ ಉಗ್ರಾಣ ನೋಡ್ ಮಾಡ್ಯೂಲ್ಸ್ ಅನ್ನೋ ಫೋಲ್ಡರು. ಈ ಉಗ್ರಾಣದ ಗಾತ್ರದ ಬಗ್ಗೆ ಇರುವಷ್ಟು ಜೋಕುಗಳು ನಮ್ಮ ಕಸುಬಿನಲ್ಲಿ ಬೇರೆ ಯಾವುದರ ಮೇಲೂ ಇರಲಿಕ್ಕಿಲ್ಲ. ನೋಡ್ ಮಾಡಿದ ರಯಾನ್ ಡಾಲ್ ಅವರೇ 2018ರಲ್ಲಿ ಬರ್ಲಿನ್‌ನ ಒಂದು ಸಮ್ಮೇಳನದಲ್ಲಿ, ನೋಡ್ ವಿಷಯದಲ್ಲಿ ತಾನು ಪಶ್ಚಾತ್ತಾಪ ಪಡುವ ಹತ್ತು ಸಂಗತಿಗಳಲ್ಲಿ ಇದನ್ನೂ ಸೇರಿಸಿದ್ದರು.

*

ಚೀಟಿಯಲ್ಲಿ ಒಂದು ಸಣ್ಣ ತರಲೆ ಇದೆ. ಎಕ್ಸ್‌ಪ್ರೆಸ್ (ವೆಬ್ ಸರ್ವರ್ ಕಟ್ಟಲು ಬಳಸುವ ಪ್ಯಾಕೇಜು) ಬೇಕು ಅಂತ ಬರೆದರೆ ಅದರ ಮುಂದೆ, ಉದಾಹರಣೆಗೆ, 4.17.1 ಅಂತ ಆವೃತ್ತಿಯ ನಂಬರು, ಆ ನಂಬರಿನ ಎದುರಿಗೆ ಟೋಪಿಯಂಥ ಒಂದು ಗುರುತು ಬರುತ್ತೆ. ನಾವು ಹಾಕಿದ್ದಲ್ಲ, ಅದಾಗೇ ಬಂದು ಕೂರುತ್ತೆ. "4.17.1 ಆದರೂ ಸರಿ, ಅದಕ್ಕಿಂತ ಹೊಸದಾದರೂ ಸರಿ, 5 ಮಾತ್ರ ಬೇಡ" ಅಂತ ಅದರ ಅರ್ಥ. ಅಂದರೆ ಇವತ್ತು ತಂದಾಗ ಒಂದು ಬರುತ್ತೆ, ಮೂರು ತಿಂಗಳ ನಂತರ ಅದೇ ಚೀಟಿ ಕೊಟ್ಟರೆ ಇನ್ನೊಂದು ಬರಬಹುದು. ಸಣ್ಣ ನಂಬರ್ ಬದಲಾದರೆ ಏನೂ ಒಡೆಯಬಾರದು ಅನ್ನೋದು ಒಪ್ಪಂದ. ಒಪ್ಪಂದ ಮಾಡಿಕೊಂಡವರೂ ಮನುಷ್ಯರೇ ತಾನೆ.

ನನ್ನ ಮೊದಲ ಏಟು ಇಲ್ಲೇ ಬಿತ್ತು. ಆಗ ಬೆಂಗಳೂರಿನ ಒಂದು ಪುಟ್ಟ ಕಂಪನಿಯಲ್ಲಿದ್ದೆ. ನಾವಿದ್ದದ್ದು ಆರು ಜನ. ಶುಕ್ರವಾರ ಸಂಜೆ, ಊರಿಗೆ ಹೋಗುವ ರಾತ್ರಿ ಬಸ್ಸಿಗೆ ಸೀಟು ಬುಕ್ ಆಗಿತ್ತು. ಹೊರಡುವ ಮುಂಚೆ ಒಂದು ಚಿಕ್ಕ ಬದಲಾವಣೆ ಸರ್ವರಿಗೆ ಹಾಕಿದೆ. ಒಂದು ಬಟನ್‌ನ ಮೇಲಿನ ಬರಹ ಬದಲಾಯಿಸಿದ್ದು, ಅಷ್ಟೇ. ಸೈಟು ಮಕಾಡೆ ಮಲಗಿತು. ನನ್ನ ಲ್ಯಾಪ್‌ಟಾಪಿನಲ್ಲಿ ಚೆನ್ನಾಗೇ ಓಡುತ್ತಿದೆ, ಸರ್ವರಿನಲ್ಲಿ ಏಳುತ್ತಿಲ್ಲ. ಬಟನ್ ಬರಹ ಹಳೆಯದಕ್ಕೇ ತಿರುಗಿಸಿದರೂ ಏಳುತ್ತಿಲ್ಲ. ಮೂರು ಗಂಟೆ ಒದ್ದಾಡಿ, ಕೊನೆಗೆ ಎರಡೂ ಕಡೆಯ ಉಗ್ರಾಣದ ಪಟ್ಟಿ ತೆಗೆದು ಅಕ್ಕಪಕ್ಕ ಇಟ್ಟು ಹೋಲಿಸಿದೆ. ಏಳುನೂರಕ್ಕೂ ಹೆಚ್ಚು ಸಾಲುಗಳಲ್ಲಿ ಒಂದೇ ಸಾಲು ಬೇರೆ. ನಾನು ಹೆಸರೂ ಕೇಳದ ಒಂದು ಪ್ಯಾಕೇಜು. ಇಲ್ಲಿ ಕೊನೆಯ ಅಂಕೆ 3, ಅಲ್ಲಿ 4. ಆ ಮಧ್ಯಾಹ್ನ ಅದನ್ನು ಬರೆದ ಪುಣ್ಯಾತ್ಮ ಹೊಸದೊಂದನ್ನು ಬಿಟ್ಟಿದ್ದ. ನಮ್ಮ ಸರ್ವರು ಪ್ರತಿ ಸಲ ಚೀಟಿ ಹಿಡಿದು ಹೊಸದಾಗಿ ಅಂಗಡಿಗೆ ಹೋಗುತ್ತಿದ್ದದ್ದರಿಂದ ಅದನ್ನು ಹೊತ್ತು ತಂದಿತ್ತು. ಬಸ್ಸು ಆ ಹೊತ್ತಿಗೆ ತುಮಕೂರು ದಾಟಿರಬೇಕು.

ಆ ಕಾಲದ ಎನ್‌ಪಿಎಂಗೆ ಲೆಕ್ಕದ ಪುಸ್ತಕ ತಾನಾಗಿ ಇಡುವ ಅಭ್ಯಾಸವೇ ಇರಲಿಲ್ಲ. ಐಸಾಕ್ ಶ್ಲೂಟರ್ ಎನ್‌ಪಿಎಂ ಶುರು ಮಾಡಿದ್ದು 2010ರಲ್ಲಿ. ಶ್ರಿಂಕ್‌ರಾಪ್ ಅಂತ ಒಂದು ಉಪಾಯ ಇತ್ತು. ಆದರೆ ನೀವಾಗಿ ಕೇಳಬೇಕು, ನೀವಾಗಿ ನಿಭಾಯಿಸಬೇಕು. ನಮ್ಮ ಆರು ಜನರಲ್ಲಿ ಯಾರೂ ಅದನ್ನು ಮುಟ್ಟಿರಲಿಲ್ಲ. 2016ರ ಅಕ್ಟೋಬರಿನಲ್ಲಿ ಫೇಸ್‌ಬುಕ್ಕು, ಗೂಗಲ್ ಮತ್ತಿತರ ಕಂಪನಿಗಳ ಜೊತೆ ಸೇರಿ ಯಾರ್ನ್ ಹೊರತಂದಿತು. ಎಲ್ಲರೂ ಅದರ ವೇಗ ಹೊಗಳಿದರು. ನನಗೆ ಹಿಡಿಸಿದ್ದು ಮಾತ್ರ ಯಾರ್ನ್ ಲಾಕ್ ಅನ್ನೋ ಫೈಲು. ಯಾರು, ಯಾವ ಮೆಷಿನ್ನಿನಲ್ಲಿ, ಯಾವತ್ತು ತಂದರೂ ಅದೇ ಸಾಮಾನು. 2017ರ ಮೇ ತಿಂಗಳಲ್ಲಿ ಎನ್‌ಪಿಎಂ 5 ಬಂತು, ಅದೂ ಲಾಕ್‌ಫೈಲ್ ಇಡಲು ಕಲಿಯಿತು. ಪೈಪೋಟಿ ಇದ್ದರೆ ಗಿರಾಕಿಗೆ ಲಾಭ.

ಇಲ್ಲಿ ಇನ್ನೊಂದು ಹೊಂಡ ಇದೆ, ಬಹಳ ಜನ ಇವತ್ತಿಗೂ ಬೀಳುತ್ತಾರೆ. ಎನ್‌ಪಿಎಂ ಇನ್‌ಸ್ಟಾಲ್ ಅಂತ ಹೊಡೆದರೆ ಅದು ಲಾಕ್‌ಫೈಲ್ ನೋಡುತ್ತೆ, ನಿಜ. ಆದರೆ ಚೀಟಿಗೂ ಪುಸ್ತಕಕ್ಕೂ ತಾಳೆ ಬೀಳದಿದ್ದರೆ ಸುಮ್ನೆ ಪುಸ್ತಕವನ್ನೇ ತಿದ್ದಿ ಮುಂದೆ ಹೋಗುತ್ತೆ. ಎನ್‌ಪಿಎಂ ಸಿಐ ಅನ್ನೋ ಇನ್ನೊಂದು ಆಜ್ಞೆ 2018ರಲ್ಲಿ ಬಂತು. ಅದು ಇರುವ ಉಗ್ರಾಣವನ್ನು ಪೂರ್ತಿ ಖಾಲಿ ಮಾಡಿ ಪುಸ್ತಕದಲ್ಲಿ ಇದ್ದದ್ದನ್ನೇ ತುಂಬುತ್ತೆ. ತಾಳೆ ಆಗದಿದ್ದರೆ ಕೆಂಪಕ್ಷರದಲ್ಲಿ ಬೈದು ನಿಂತುಬಿಡುತ್ತೆ. ನಮ್ಮ ಸರ್ವರಿನಲ್ಲಿ ಆ ಒಂದು ಪದ ಬದಲಾಯಿಸಿದ ವಾರದಲ್ಲೇ ಎರಡು ಸಲ ಬಿಲ್ಡ್ (ಕೋಡನ್ನು ಓಡಿಸಲು ಸಿದ್ಧ ಮಾಡುವ ಕೆಲಸ) ನಿಂತಿತು. ಟೀಮಿನವರು ಗೊಣಗಿದರು. ಎರಡೂ ಸಲ ಯಾರೋ ಚೀಟಿ ತಿದ್ದಿ ಲಾಕ್‌ಫೈಲ್ ಸೇರಿಸಲು ಮರೆತಿದ್ದರು. ಆ ಗೊಣಗಾಟ ಕೇಳುವಾಗಲೇ ನನಗೆ ಬೆಲ್ಲ ಕೊಡದೆ ಕಳಿಸಿದ್ದ ಅಂಗಡಿಯವರು ನೆನಪಾದದ್ದು.

ಇದೇ ಸಾಲಿನಲ್ಲಿ ಮತ್ತೊಂದು. ಒಂದು ಕಡೆ ಹೊಸದಾಗಿ ಸೇರಿದಾಗ ಪ್ರಾಜೆಕ್ಟ್ ತೆರೆದು ನೋಡಿದರೆ ಪ್ಯಾಕೇಜ್ ಲಾಕ್ ಕೂಡ ಇದೆ, ಯಾರ್ನ್ ಲಾಕ್ ಕೂಡ ಇದೆ. ಒಂದೇ ಮನೆಗೆ ಎರಡು ಅಂಗಡಿಯಲ್ಲಿ ಲೆಕ್ಕ. ಅರ್ಧ ಜನ ಇದರಲ್ಲಿ ತರುತ್ತಿದ್ದರು, ಅರ್ಧ ಜನ ಅದರಲ್ಲಿ. ಎರಡರಲ್ಲೂ ನಂಬರುಗಳು ಬೇರೆ ಬೇರೆ. ಸರ್ವರು ಯಾವುದನ್ನು ನಂಬುತ್ತಿದೆ ಅಂತ ಕೇಳಿದೆ. ಒಬ್ಬರು ಇನ್ನೊಬ್ಬರ ಮುಖ ನೋಡಿದರು. ಒಬ್ಬರಂತೂ "ಇಷ್ಟು ದಿನ ನಡೀತಿತ್ತಲ್ಲ" ಅಂದರು. ನಮ್ಮಲ್ಲಿ ಬಹಳಷ್ಟು ಸಾಫ್ಟ್‌ವೇರು ನಡೆಯುತ್ತಿರುವುದು ಈ ಒಂದು ವಾಕ್ಯದ ಮೇಲೆ.

*

ನನ್ನ ಎರಡನೇ ಏಟಿಗೆ ಸ್ವಲ್ಪ ಹಿನ್ನೆಲೆ ಬೇಕು.

ಮೊದಮೊದಲು ಎನ್‌ಪಿಎಂ ಪ್ರತಿ ಪ್ಯಾಕೇಜಿನ ಹೊಟ್ಟೆಯೊಳಗೆ ಅದಕ್ಕೆ ಬೇಕಾದ ಪ್ಯಾಕೇಜು, ಅದರ ಹೊಟ್ಟೆಯೊಳಗೆ ಇನ್ನೊಂದು, ಹೀಗೆ ಇಡುತ್ತಿತ್ತು. ವಿಂಡೋಸ್‌ನಲ್ಲಿ ಒಂದು ಫೈಲಿನ ಪೂರ್ತಿ ದಾರಿ 260 ಅಕ್ಷರ ಮೀರಬಾರದು ಅನ್ನೋ ಹಳೆಯ ಮಿತಿ ಇತ್ತಲ್ಲ, ಈ ಹೊಟ್ಟೆಯೊಳಗಿನ ಹೊಟ್ಟೆ ಅದನ್ನು ಸಲೀಸಾಗಿ ದಾಟುತ್ತಿತ್ತು. ಫೋಲ್ಡರು ಅಳಿಸಲೂ ಬರುತ್ತಿರಲಿಲ್ಲ. ಅದಕ್ಕೇ 2015ರಲ್ಲಿ ಎನ್‌ಪಿಎಂ 3 ಬಂದಾಗ ಎಲ್ಲವನ್ನೂ ಎಳೆದು ಒಂದೇ ಅಂಗಳದಲ್ಲಿ ಹರವಿಟ್ಟರು. ಒಂದು ತೊಂದರೆ ಹೋಯಿತು, ಇನ್ನೊಂದು ಬಂತು. ನೀವು ಕೇಳದೇ ಇದ್ದ ಸಾಮಾನೂ ಈಗ ನಿಮ್ಮ ಕೈಗೆ ಎಟುಕುವ ಜಾಗದಲ್ಲೇ ಇರುತ್ತೆ.

ಪಕ್ಕದ ಮನೆಯವರು ದಿನಾ ಹಾಲಿಗೆ ಹೆಪ್ಪು ಹಾಕುತ್ತಾರೆ. ನೀವು ದಿನಾ ಹೋಗಿ ಒಂದು ಚಮಚ ಹೆಪ್ಪು ತರುತ್ತೀರಿ. ನಿಮ್ಮ ಮನೆಯಲ್ಲಿ ಮೊಸರು ಆಗುತ್ತಿರುವುದು ನಿಮ್ಮ ಹೆಪ್ಪಿನಿಂದ ಅಲ್ಲ ಅನ್ನೋದು ಕ್ರಮೇಣ ಮರೆತೇ ಹೋಗುತ್ತೆ. ಒಂದು ದಿನ ಅವರು ಮನೆ ಖಾಲಿ ಮಾಡುತ್ತಾರೆ.

ನಮ್ಮಲ್ಲಿ ಹಾಗೇ ಆಯಿತು. ಯಾರೋ ಒಬ್ಬರು, ಬಹುಶಃ ನಾನೇ, ಚೀಟಿಯಲ್ಲಿ ಬರೆಯದೆಯೇ ಲೋಡ್ಯಾಶ್ ಅನ್ನೋ ಪ್ಯಾಕೇಜು ಬಳಸಿಬಿಟ್ಟಿದ್ದೆವು. ಬೇರೆ ಯಾವುದೋ ಪ್ಯಾಕೇಜಿಗೆ ಅದು ಬೇಕಿತ್ತು, ಹಾಗಾಗಿ ಅಂಗಳದಲ್ಲಿ ಬಿದ್ದಿತ್ತು. ಎಡಿಟರು ಹೆಸರು ತೋರಿಸಿತು, ನಾವು ಒತ್ತಿದೆವು, ಓಡಿತು. ಎರಡು ವರ್ಷ ಓಡಿತು. ಆಮೇಲೆ ಆ ಪ್ಯಾಕೇಜಿನವರು ಹೊಸ ಆವೃತ್ತಿಯಲ್ಲಿ ಲೋಡ್ಯಾಶ್ ಬೇಡ ಅಂತ ತೆಗೆದರು. ಅವರ ತಪ್ಪು ಏನೂ ಇಲ್ಲ, ಹೊರೆ ಇಳಿಸಿಕೊಂಡರು. ನಮ್ಮ ಬಿಲ್ಲಿಂಗ್ ಪುಟ ಬಿತ್ತು. ತಿಂಗಳ ಒಂದನೇ ತಾರೀಕು ಬೇರೆ.

ಇಂಥದ್ದಕ್ಕೆ ಫ್ಯಾಂಟಮ್ ಡಿಪೆಂಡೆನ್ಸಿ ಅನ್ನುತ್ತಾರೆ. ದೆವ್ವದ ಅವಲಂಬನೆ ಅಂತ ನಾನು ಕನ್ನಡ ಮಾಡಿಕೊಂಡಿದ್ದೇನೆ, ಟೀಮಿನಲ್ಲಿ ಅದೇ ಹೆಸರು ನಿಂತಿದೆ. "ಸರ್, ಇಲ್ಲೊಂದು ದೆವ್ವ ಇದೆ" ಅಂತ ಹೊಸ ಹುಡುಗಿ ಮೊದಲ ವಾರವೇ ಬಂದು ಹೇಳಿದಳು.

ದೆವ್ವ ಬಿಡಿಸಲು ನಾವು ಹಿಡಿದದ್ದು ಪಿಎನ್‌ಪಿಎಂ. ಜೋಲ್ತಾನ್ ಕೊಚಾನ್ ಮುಂದೆ ನಿಂತು ಬೆಳೆಸಿದ ಯೋಜನೆ, ಮೊದಲ ಸ್ಥಿರ ಆವೃತ್ತಿ 2017ರಲ್ಲಿ ಬಂತು. ಇದರಲ್ಲಿ ನಿಮ್ಮ ಚೀಟಿಯಲ್ಲಿ ಬರೆದದ್ದು ಮಾತ್ರ ನಿಮ್ಮ ಕಣ್ಣಿಗೆ ಬೀಳುತ್ತೆ. ಅವುಗಳಿಗೆ ಬೇಕಾದ ಉಳಿದವು ಒಳಗೆ ಬೇರೆ ಕೋಣೆಯಲ್ಲಿ ಇರುತ್ತವೆ. ಅಲ್ಲಿಗೆ ನಿಮ್ಮ ಕೋಡು ಕೈ ಚಾಚಿದರೆ ಸಿಗುವುದಿಲ್ಲ. ಬದಲಾಯಿಸಿದ ಮೊದಲ ದಿನ ನಮ್ಮ ಪ್ರಾಜೆಕ್ಟಿನಲ್ಲಿ ಹದಿನಾಲ್ಕು ಕಡೆ ಎರರ್. ಹದಿನಾಲ್ಕೂ ದೆವ್ವಗಳು. ಒಂದೊಂದನ್ನೂ ಚೀಟಿಗೆ ಹತ್ತಿಸಲು ಅರ್ಧ ದಿನ ಹಿಡಿಯಿತು. ಬಿಲ್ಲಿಂಗ್ ಪುಟ ಬಿದ್ದ ದಿನಕ್ಕೆ ಹೋಲಿಸಿದರೆ ಇದು ಏನೂ ಅಲ್ಲ.

ಪಿಎನ್‌ಪಿಎಂ ಬಗ್ಗೆ ಜನ ಜಾಸ್ತಿ ಮಾತಾಡುವುದು ಡಿಸ್ಕ್ ಜಾಗದ ಬಗ್ಗೆ. ಅದೂ ಸುಳ್ಳಲ್ಲ. ನಮ್ಮೂರ ಕಡೆ ಮದುವೆ ಮುಂಜಿಗೆ ಬೇಕಾದ ಹಂಡೆ, ಕೊಪ್ಪರಿಗೆ, ದೊಡ್ಡ ಸೌಟುಗಳನ್ನು ಪ್ರತಿ ಮನೆಯಲ್ಲೂ ಕೊಂಡು ಇಡುವುದಿಲ್ಲ. ಊರ ದೇವಸ್ಥಾನದಲ್ಲಿ ಒಂದು ಸೆಟ್ ಇರುತ್ತೆ, ಯಾರ ಮನೆಯಲ್ಲಿ ಕಾರ್ಯ ಇದ್ದರೂ ಅದೇ ಬರುತ್ತೆ. ಪಿಎನ್‌ಪಿಎಂ ಹಾಗೇ. ಇಡೀ ಕಂಪ್ಯೂಟರಿಗೆ ಒಂದು ಉಗ್ರಾಣ. ಪ್ರತಿ ಪ್ರಾಜೆಕ್ಟಿನಲ್ಲಿ ಕಾಣುವುದು ಅದೇ ಫೈಲಿಗೆ ಹಾಕಿದ ಹಾರ್ಡ್ ಲಿಂಕು, ಅಂದರೆ ಅದೇ ಫೈಲಿಗೆ ಇನ್ನೊಂದು ಹೆಸರು. ಹತ್ತು ಪ್ರಾಜೆಕ್ಟಿನಲ್ಲಿ ರಿಯಾಕ್ಟ್ ಇದ್ದರೂ ಡಿಸ್ಕಿನಲ್ಲಿ ಒಂದೇ. ಎನ್‌ಪಿಎಂ ಕೂಡ ಡೌನ್‌ಲೋಡ್ ಮಾಡಿದ್ದನ್ನು ಎತ್ತಿಟ್ಟುಕೊಳ್ಳುತ್ತೆ, ಎರಡನೇ ಸಲ ಇಂಟರ್ನೆಟ್ ಅಷ್ಟಾಗಿ ಮುಟ್ಟುವುದಿಲ್ಲ, ಆದರೆ ಪ್ರತಿ ಮನೆಗೂ ಹೊಸ ಕೊಪ್ಪರಿಗೆ ಎರಕ ಹೊಯ್ಯುತ್ತೆ. 256 ಜಿಬಿ ಲ್ಯಾಪ್‌ಟಾಪ್ ಇಟ್ಟುಕೊಂಡವರಿಗೆ ಈ ವ್ಯತ್ಯಾಸ ಚೆನ್ನಾಗಿ ಗೊತ್ತು.

ಆದರೆ ದೇವಸ್ಥಾನದ ಕೊಪ್ಪರಿಗೆಗೆ ನೀವು ಹೊಡೆದ ನೆಗ್ಗು ಮುಂದಿನ ಮದುವೆಯಲ್ಲೂ ಕಾಣುತ್ತೆ. ಒಮ್ಮೆ ಒಂದು ಪ್ಯಾಕೇಜು ಯಾಕೆ ಹೀಗೆ ಆಡುತ್ತಿದೆ ಅಂತ ತಿಳಿಯಲು ನಾನು ನೇರವಾಗಿ ನೋಡ್ ಮಾಡ್ಯೂಲ್ಸ್ ಒಳಗೇ ಹೋಗಿ ಒಂದು ಕನ್ಸೋಲ್ ಲಾಗ್ ಸಾಲು ಹಾಕಿದ್ದೆ. "ಇಲ್ಲಿವರೆಗೂ ಬಂತು ಮಾರಾಯ" ಅಂತ. ಹಳೆಯ ಅಭ್ಯಾಸ. ತಪ್ಪು ಸಿಕ್ಕಿತು, ಆ ಸಾಲು ತೆಗೆಯಲು ಮರೆತೆ. ಮೂರು ದಿನದ ನಂತರ ಬೇರೊಂದು ಪ್ರಾಜೆಕ್ಟ್ ಓಡಿಸುತ್ತಿದ್ದೇನೆ, ಪರದೆಯ ಮೇಲೆ "ಇಲ್ಲಿವರೆಗೂ ಬಂತು ಮಾರಾಯ". ಒಂದು ಕ್ಷಣ ನಿಜವಾಗಿಯೂ ದೆವ್ವ ಅಂದುಕೊಂಡೆ. ನನ್ನ ಲಿನಕ್ಸ್ ಯಂತ್ರದಲ್ಲಿ ಎರಡೂ ಪ್ರಾಜೆಕ್ಟಿನದ್ದು ಅದೇ ಫೈಲು, ಒಂದು ಕಡೆ ಗೀಚಿದರೆ ಎಲ್ಲಾ ಕಡೆ ಗೀಚಿದ ಹಾಗೆ. ಹೀಗೆ ಗೀಚಲೇಬೇಕಾದವರಿಗೆ ಪಿಎನ್‌ಪಿಎಂ ಪ್ಯಾಚ್ ಅಂತ ಸರಿಯಾದ ದಾರಿ ಇದೆ. ಅದನ್ನು ನಾನು ಓದಿದ್ದು ಆ ದಿನ ಸಂಜೆ.

ಎಲ್ಲರಿಗೂ ಇದೇ ಸರಿ ಅಂತಲೂ ಅಲ್ಲ. ಸಿಮ್‌ಲಿಂಕ್ (ಫೈಲು ಬೇರೆಲ್ಲಿದೆ ಅಂತ ತೋರಿಸುವ ಕೈಮರ, ಪಿಎನ್‌ಪಿಎಂ ಇದನ್ನೂ ಬಳಸುತ್ತೆ) ಕಂಡರೆ ಮುಖ ತಿರುಗಿಸುವ ಹಳೆಯ ಟೂಲುಗಳಿವೆ. ಮೊಬೈಲ್ ಆ್ಯಪ್ ಕಟ್ಟಲು ಬಳಸುವ ರಿಯಾಕ್ಟ್ ನೇಟಿವ್ ಬಹಳ ಕಾಲ ಹಾಗೇ ಇತ್ತು. ಅಂಥ ಕಡೆ ಸೆಟ್ಟಿಂಗ್ ಬದಲಿಸಿ ಮತ್ತೆ ಹಳೆಯ ಅಂಗಳದ ಪದ್ಧತಿಗೇ ಹೋಗಬಹುದು. ಹಾಗೆ ಮಾಡಿದರೆ ದೆವ್ವಗಳೂ ವಾಪಸ್ ಬರುತ್ತವೆ.

*

ಈಗ ಸ್ವಲ್ಪ ಪೈಥಾನ್ ಕಡೆ ಹೋಗಿ ಬರುತ್ತೇನೆ, ಯಾಕಂದ್ರೆ ನಾನು ಕಂಡ ಅತಿ ಸುಂದರ "ಆಗಲ್ಲ" ಇರುವುದು ಅಲ್ಲಿ.

ಕಲಿಯುವ ದಿನಗಳಲ್ಲಿ ಉಬುಂಟು ಮೇಲೆ ಸುಡೋ ಪಿಪ್ ಇನ್‌ಸ್ಟಾಲ್ ಅಂತ ಕಣ್ಣು ಮುಚ್ಚಿ ಹೊಡೆಯುತ್ತಿದ್ದೆ. ಪಿಪ್ ಅಂದರೆ ಪೈಥಾನಿನ ಪ್ಯಾಕೇಜ್ ಮ್ಯಾನೇಜರು, ಸುಡೋ ಅಂದರೆ ಯಂತ್ರದ ಪೂರ್ತಿ ಅಧಿಕಾರ ಕೊಟ್ಟು ಓಡಿಸು ಅಂತ. ನೆಟ್ಟಿನಲ್ಲಿ ಎಲ್ಲರೂ ಹಾಗೇ ಬರೆದಿರುತ್ತಿದ್ದರು. ಒಂದು ದಿನ ಯಾವುದೋ ಲೈಬ್ರರಿ ಹೊಸದಾಯಿತು, ಅದರ ಹಳೆಯ ಆವೃತ್ತಿಯನ್ನೇ ನಂಬಿಕೊಂಡಿದ್ದ ಉಬುಂಟುವಿನ ಸ್ವಂತ ಸಾಧನಗಳು ಒಂದೊಂದಾಗಿ ಮುನಿಸಿಕೊಂಡವು. ಕೊನೆಗೆ ಎಲ್ಲ ಅಳಿಸಿ ಹೊಸದಾಗಿ ಹಾಕಿದೆ. ಆಪರೇಟಿಂಗ್ ಸಿಸ್ಟಮ್ಮಿನ ಪೈಥಾನು ಅದರ ಅಡುಗೆಮನೆ. ಅಲ್ಲಿ ನಾವು ನಮ್ಮ ಪ್ರಯೋಗ ಮಾಡಬಾರದು ಅನ್ನೋದು ಯಾರೂ ಹೇಳಿರಲಿಲ್ಲ.

2023ರಲ್ಲಿ, ಉಬುಂಟುವಿಗೆ ಬುಡವಾದ ಡೆಬಿಯನ್ ಲಿನಕ್ಸಿನ 12ನೇ ಆವೃತ್ತಿ ಬಂದ ಮೇಲೆ ಅದೇ ಪಿಪ್ ಆಜ್ಞೆ ಹೊಡೆದರೆ ಕೆಲಸ ಆಗುವುದಿಲ್ಲ. ಈ ಪರಿಸರವನ್ನು ಬೇರೆಯವರು ನೋಡಿಕೊಳ್ಳುತ್ತಿದ್ದಾರೆ, ನಿನ್ನದೊಂದು ಪ್ರತ್ಯೇಕ ವರ್ಚುವಲ್ ಎನ್ವಿರಾನ್‌ಮೆಂಟ್ ಮಾಡಿಕೊ ಅಂತ ಹೇಳಿ ನಿಲ್ಲುತ್ತೆ. ಪೆಪ್ 668 ಅನ್ನೋ ಪ್ರಸ್ತಾವದ ಫಲ ಇದು. ಇಲ್ಲ, ನನಗೆ ಬೇಕೇ ಬೇಕು ಅಂದರೆ ಒಂದು ಆಯ್ಕೆ ಕೊಡಬೇಕು. ಅದರ ಹೆಸರು ಬ್ರೇಕ್ ಸಿಸ್ಟಮ್ ಪ್ಯಾಕೇಜಸ್. ಅಂದರೆ "ಸಿಸ್ಟಮ್ಮಿನ ಪ್ಯಾಕೇಜು ಮುರಿ" ಅಂತ ನಿಮ್ಮ ಕೈಯಾರೆ ಟೈಪ್ ಮಾಡಬೇಕು. ಆ ಹೆಸರು ಇಟ್ಟವರಿಗೆ ನನ್ನ ಕಡೆಯಿಂದ ಒಂದು ಫಿಲ್ಟರ್ ಕಾಫಿ. ಫೋರ್ಸ್ ಅಂತ ಇಟ್ಟಿದ್ದರೆ ನಾವೆಲ್ಲ ಯೋಚಿಸದೆ ಹೊಡೆಯುತ್ತಿದ್ದೆವು.

ಈಗ ಪೈಥಾನ್ ಕೆಲಸಕ್ಕೆ ನಾನು ಯುವಿ ಅನ್ನೋ ಪ್ಯಾಕೇಜ್ ಮ್ಯಾನೇಜರ್ ಬಳಸುತ್ತೇನೆ. 2024ರ ಫೆಬ್ರವರಿಯಲ್ಲಿ ಬಂದದ್ದು, ರಸ್ಟ್ ಭಾಷೆಯಲ್ಲಿ ಬರೆದದ್ದು, ನಿಜಕ್ಕೂ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಸುತ್ತೆ. ಪ್ರತಿ ಪ್ರಾಜೆಕ್ಟಿಗೂ ತಾನೇ ಬೇರೆ ಪರಿಸರ ಮಾಡಿಕೊಡುತ್ತೆ, ಲಾಕ್‌ಫೈಲೂ ಇಡುತ್ತೆ.

*

ಇಲ್ಲಿವರೆಗಿನದ್ದೆಲ್ಲ ನಮ್ಮ ಮನೆಯೊಳಗಿನ ಎಡವಟ್ಟುಗಳು. ಹೊರಗಿನವರು ಬಾಗಿಲು ತಟ್ಟಲು ಶುರು ಮಾಡಿದ ಮೇಲೆ ಮಾತೇ ಬೇರೆ.

2016ರ ಮಾರ್ಚ್ 22. ಲೆಫ್ಟ್ ಪ್ಯಾಡ್ ಅನ್ನೋ 11 ಸಾಲಿನ ಪ್ಯಾಕೇಜು. ಪದದ ಎಡಗಡೆ ಖಾಲಿ ಜಾಗ ತುಂಬುವುದು ಬಿಟ್ಟರೆ ಅದಕ್ಕೆ ಬೇರೆ ಕೆಲಸ ಇಲ್ಲ. ಅದನ್ನು ಬರೆದ ಅಜೆರ್ ಕೊಚುಲು ಅವರ ಇನ್ನೊಂದು ಪ್ಯಾಕೇಜಿಗೆ ಕಿಕ್ ಅಂತ ಹೆಸರಿತ್ತು. ಅದೇ ಹೆಸರಿನ ಮೆಸೆಂಜರ್ ಕಂಪನಿ ಹೆಸರು ತನಗೆ ಬೇಕು ಅಂತು, ಎನ್‌ಪಿಎಂ ಕೊಟ್ಟುಬಿಟ್ಟಿತು. ಮನನೊಂದ ಕೊಚುಲು ತಮ್ಮ ಎಲ್ಲಾ ಪ್ಯಾಕೇಜುಗಳನ್ನೂ ಎತ್ತಿಕೊಂಡು ಹೊರಟರು. ಬೇಬಲ್, ರಿಯಾಕ್ಟ್ ನಂಬಿದ್ದ ಲೋಕದ ಎಷ್ಟೋ ಬಿಲ್ಡುಗಳು ಒಂದೇ ಸಲ ನಿಂತವು. ಕೆಲವೇ ಗಂಟೆಗಳಲ್ಲಿ ಎನ್‌ಪಿಎಂ ಆ 11 ಸಾಲನ್ನು ತಾನೇ ವಾಪಸ್ ಇಟ್ಟಿತು. ಬಹಳ ಜನ ಇದನ್ನು "11 ಸಾಲು ಸ್ವಂತ ಬರೆಯಲು ಆಗಲಿಲ್ವಾ" ಅಂತ ಆಡಿಕೊಳ್ಳಲು ಬಳಸುತ್ತಾರೆ. ನನಗೆ ಅದಕ್ಕಿಂತ ಮುಖ್ಯ ಅನ್ನಿಸೋದು ಆಮೇಲೆ ಆದದ್ದು. ಬೇರೆಯವರು ನೆಚ್ಚಿಕೊಂಡಿರುವ ಪ್ಯಾಕೇಜನ್ನು ಬರೆದವರೇ ಬಂದು ಕೇಳಿದರೂ ಸುಲಭಕ್ಕೆ ತೆಗೆಯಲು ಬಿಡುವುದಿಲ್ಲ ಅಂತ ನಿಯಮ ಬಿಗಿ ಮಾಡಿದರು. ಅಂಗಡಿಯೂ "ಆಗಲ್ಲ" ಅನ್ನಲು ಕಲಿಯಿತು.

2018ರ ಇವೆಂಟ್ ಸ್ಟ್ರೀಮ್ ಅನ್ನೋ ಪ್ಯಾಕೇಜಿನ ಕತೆ ಇನ್ನೂ ಬೇಸರದ್ದು. ಬರೆದವರಿಗೆ ಪುರುಸೊತ್ತಿರಲಿಲ್ಲ. ಯಾರೋ ಅಪರಿಚಿತ ಬಂದು "ನಾನು ನೋಡಿಕೊಳ್ತೇನೆ" ಅಂದ, ಬೀಗದ ಕೈ ಕೊಟ್ಟರು. ಅವನು ಬಿಟ್‌ಕಾಯಿನ್ ವಾಲೆಟ್ ಒಂದನ್ನು ಕದಿಯುವ ಕೋಡನ್ನು ಮೆಲ್ಲಗೆ ಒಳಗೆ ಸೇರಿಸಿದ. ಸಂಬಳ ಇಲ್ಲದೆ ವರ್ಷಗಟ್ಟಲೆ ಜಗತ್ತಿನ ಗಂಟು ಹೊತ್ತು ನಿಂತ ಮನುಷ್ಯ, ಒಬ್ಬ ಸಹಾಯಕ್ಕೆ ಬಂದಾಗ ಬೇಡ ಅನ್ನಬೇಕಿತ್ತು ಅಂತ ಹೇಳಲು ನನಗೆ ಬಾಯಿ ಬರುವುದಿಲ್ಲ.

2025ರ ಸೆಪ್ಟೆಂಬರ್ ನೆನಪು ಇನ್ನೂ ಹಸಿ. 8ನೇ ತಾರೀಕು, ಎನ್‌ಪಿಎಂ ಕಡೆಯಿಂದ ಬಂದ ಹಾಗೆ ಕಾಣುವ ಒಂದು ನಕಲಿ ಇಮೇಲು. ಎರಡನೇ ಹಂತದ ಪಾಸ್‌ವರ್ಡ್ ನವೀಕರಿಸಿ ಅಂತ. ಚಾಕ್, ಡೀಬಗ್ ಮೊದಲಾದ 18 ಪ್ಯಾಕೇಜು ನೋಡಿಕೊಳ್ಳುತ್ತಿದ್ದವರು ಒಬ್ಬರು ಅದನ್ನು ನಂಬಿದರು. ಆ ಪ್ಯಾಕೇಜುಗಳೆಲ್ಲ ಸೇರಿ ವಾರಕ್ಕೆ 200 ಕೋಟಿಗೂ ಹೆಚ್ಚು ಸಲ ಡೌನ್‌ಲೋಡ್ ಆಗುತ್ತವೆ. ಕೆಲವೇ ಗಂಟೆಯಲ್ಲಿ ಗೊತ್ತಾಗಿ ತೆಗೆದರು. ಒಂದು ವಾರ ಕಳೆಯುವಷ್ಟರಲ್ಲಿ ಶಾಯಿ ಹುಲೂದ್ ಅನ್ನೋ ಹುಳ ಬಂತು. (ಹೆಸರಿಗೂ ಹುಳಕ್ಕೂ ಕನ್ನಡದಲ್ಲಿ ಇಷ್ಟು ಚೆನ್ನಾಗಿ ಪ್ರಾಸ ಕೂಡುತ್ತೆ ಅಂತ ಇಟ್ಟವರಿಗೆ ಗೊತ್ತಿರಲಿಕ್ಕಿಲ್ಲ.) ಪ್ಯಾಕೇಜು ಇನ್‌ಸ್ಟಾಲ್ ಆದ ಕೂಡಲೇ ತಾನಾಗಿ ಓಡುವ ಸ್ಕ್ರಿಪ್ಟಿನಲ್ಲಿ ಅದು ಕೂತಿತ್ತು. ನಿಮ್ಮ ಕಂಪ್ಯೂಟರಿನಲ್ಲಿದ್ದ ಗುಪ್ತ ಕೀಲಿಗಳನ್ನು ಹುಡುಕಿ, ಅದರಿಂದ ನಿಮ್ಮದೇ ಪ್ಯಾಕೇಜುಗಳಿಗೂ ಹತ್ತಿಕೊಂಡು ಹರಡುತ್ತಿತ್ತು.

ಆ ತಾನಾಗಿ ಓಡುವ ಸ್ಕ್ರಿಪ್ಟು ಅನ್ನೋದೇ ನನಗೆ ಮೊದಲಿಂದಲೂ ಇರುಸುಮುರುಸು. ಕೆಲವಕ್ಕೆ ಅದು ಬೇಕು, ಇಲ್ಲ ಅನ್ನಲ್ಲ. ಚಿತ್ರ ಸಂಸ್ಕರಿಸುವ ಶಾರ್ಪ್, ಕೋಡು ಜೋಡಿಸುವ ಇಎಸ್‌ಬಿಲ್ಡ್ ಇಂಥವು ನಿಮ್ಮ ಯಂತ್ರಕ್ಕೆ ತಕ್ಕ ಹಾಗೆ ಹೊಂದಿಸಿಕೊಳ್ಳಬೇಕಾಗುತ್ತೆ. ಆದರೆ ಸಾವಿರ ಪ್ಯಾಕೇಜಿನಲ್ಲಿ ಅಂಥವು ಬೆರಳೆಣಿಕೆಯಷ್ಟು. ಉಳಿದವಕ್ಕೂ ಸೇರಿಸಿ ಎಲ್ಲರಿಗೂ ಮನೆ ಬೀಗದ ಕೈ ಕೊಡೋದ್ಯಾಕೆ? 2025ರ ಜನವರಿಯಲ್ಲಿ ಬಂದ ಪಿಎನ್‌ಪಿಎಂ 10 ಈ ಸ್ಕ್ರಿಪ್ಟುಗಳನ್ನು ಓಡಿಸುವುದನ್ನೇ ನಿಲ್ಲಿಸಿತು. ನೀವು ಹೆಸರು ಹಿಡಿದು ಒಪ್ಪಿದವು ಮಾತ್ರ ಓಡುತ್ತವೆ. ಬನ್ ಕೂಡ ತನ್ನ ಪಟ್ಟಿಯಲ್ಲಿ ಇಲ್ಲದವನ್ನು ಓಡಿಸುವುದಿಲ್ಲ. ಆಗ ಎಷ್ಟು ಜನ ಬೈದರು ಅಂತೀರಿ! ಎಂಟು ತಿಂಗಳ ನಂತರ ಹುಳ ಬಂದಾಗ ಬೈದವರಲ್ಲಿ ನಾನೂ ಇದ್ದೆ ಅಂತ ನೆನಪಾಗಿ ಸುಮ್ಮನಾದೆ.

ಹುಳ ಬಂದ ಅದೇ ತಿಂಗಳು ಪಿಎನ್‌ಪಿಎಂನಲ್ಲಿ ಇನ್ನೊಂದು ಸೆಟ್ಟಿಂಗ್ ಬಂತು. ಬಿಡುಗಡೆಯಾಗಿ ಇಂತಿಷ್ಟು ನಿಮಿಷ ಆಗದ ಪ್ಯಾಕೇಜನ್ನು ತರಬೇಡ ಅಂತ ಹೇಳಬಹುದು. ನಾನು 1440 ಅಂತ ಹಾಕಿದ್ದೇನೆ, ಅಂದರೆ ಪೂರ್ತಿ ಒಂದು ದಿನ. 8ನೇ ತಾರೀಕಿನಂಥದ್ದು ಮತ್ತೆ ಆದರೆ ನಮ್ಮ ಬಾಗಿಲಿಗೆ ಬರುವ ಮೊದಲೇ ಯಾರೋ ಹಿಡಿದಿರುತ್ತಾರೆ. ನೀರು ಬಿಡುವ ಬೆಲ್ಲ ಯಾವುದು ಅಂತ ತಿಳಿಯಲು ಅಂಗಡಿಯವರಿಗೂ ಒಂದೆರಡು ದಿನ ಬೇಕಾಗುತ್ತಿತ್ತು, ಅಲ್ವಾ?

*

ಬನ್ ಬಗ್ಗೆ, ಯಾರ್ನ್ ಬಗ್ಗೆ ಎರಡು ಮಾತು ಹೇಳದೆ ಬಿಟ್ಟರೆ ಹುಡುಗನ ಗೆಳೆಯ ಬೇಜಾರು ಮಾಡಿಕೊಳ್ಳುತ್ತಾನೆ. ಬನ್ ಬೇಕರಿಯ ಬನ್ನಿನಷ್ಟೇ ಹಗುರ, ವೇಗ ಅಂತೂ ಹೇಳಬೇಕಿಲ್ಲ. 1.0 ಬಂದದ್ದು 2023ರ ಸೆಪ್ಟೆಂಬರಿನಲ್ಲಿ. ಮೊದಲಿಗೆ ಅದರ ಲಾಕ್‌ಫೈಲ್ ಬೈನರಿ, ಕಣ್ಣಿಟ್ಟು ಓದಲು ಬರುತ್ತಿರಲಿಲ್ಲ. ಓದಲಾಗದ ಲೆಕ್ಕದ ಪುಸ್ತಕ ನನಗೆ ಬೇಡ ಅಂತ ಆಗ ಪಕ್ಕಕ್ಕಿಟ್ಟೆ. 2025ರ ಶುರುವಿನಲ್ಲಿ 1.2 ಬಂದಾಗ ಅದನ್ನು ಸಾದಾ ಪಠ್ಯ ಮಾಡಿದರು, ಈಗ ಆ ತಕರಾರು ಇಲ್ಲ. ಯಾರ್ನ್ 2 ಅಂತೂ 2020ರಲ್ಲಿ ನೋಡ್ ಮಾಡ್ಯೂಲ್ಸ್ ಫೋಲ್ಡರನ್ನೇ ಕಿತ್ತುಹಾಕಿ, ಯಾವುದು ಎಲ್ಲಿದೆ ಅಂತ ಒಂದು ನಕ್ಷೆ ಫೈಲು ಮಾತ್ರ ಇಡುವುದನ್ನೇ ಮಾಮೂಲಿ ಪದ್ಧತಿ ಮಾಡಿತು. ಎಲ್ಲರಿಗಿಂತ ಕಟ್ಟುನಿಟ್ಟು ಅದೇ. ಆದರೆ ಅರ್ಧ ಟೂಲುಗಳಿಗೆ ಆ ಭಾಷೆ ಅರ್ಥವಾಗದೆ ನಮ್ಮ ಟೀಮು ಎರಡು ವಾರದಲ್ಲಿ ಕೈ ಎತ್ತಿತು. ಬೇಡ ಅನ್ನುವುದಕ್ಕೂ ಒಂದು ಹದ ಇದೆ. ದಿನಾ ಬರಿಗೈಲಿ ಕಳಿಸುವ ಅಂಗಡಿಗೆ ಯಾರು ಹೋಗುತ್ತಾರೆ?

ಚಾಲ್ತಿಯಲ್ಲಿರುವ, ತೊಂದರೆ ಕೊಡದ ಹಳೆಯ ಪ್ರಾಜೆಕ್ಟನ್ನು ಸುಮ್ಮನೆ ಬದಲಾಯಿಸಬೇಡಿ. ಎನ್‌ಪಿಎಂ ಇದ್ದರೆ ಇರಲಿ, ಸರ್ವರಿನಲ್ಲಿ ಸಿಐ ಆಜ್ಞೆ ಹಾಕಿ, ಸಾಕು. ಹೊಸದು ಶುರು ಮಾಡುವಾಗ ಮಾತ್ರ ನಾನು ಪಿಎನ್‌ಪಿಎಂ ಹಾಕುತ್ತೇನೆ. ಹಾಕಿದ ಮೊದಲ ದಿನವೇ ಓನ್ಲಿ ಅಲೋ ಅನ್ನೋ ಪುಟ್ಟ ಪ್ಯಾಕೇಜಿನ ಸಾಲೊಂದನ್ನು ಚೀಟಿಯಲ್ಲಿ ಸೇರಿಸುತ್ತೇನೆ. ಯಾರಾದರೂ ಮರೆತು ಬೇರೆ ಮ್ಯಾನೇಜರ್ ಬಳಸಿದರೆ ಅದು ಅಡ್ಡ ನಿಲ್ಲುತ್ತೆ. ಎರಡು ಲಾಕ್‌ಫೈಲಿನ ಸಂಸಾರ ಒಮ್ಮೆ ನೋಡಿದ್ದು ಸಾಕು.

*

ಇದರಲ್ಲಿ ಕಾಲು ಭಾಗ ಮರುದಿನ ಫೋನಿನಲ್ಲಿ ಹೇಳಿದೆ. ಹುಡುಗ "ಸರಿ ಅಣ್ಣ, ಪಿಎನ್‌ಪಿಎಂ" ಅಂದ. ಅವನಿಗೆ ಹಿಡಿಸಿದ್ದು ಬೇರೆ ಕಾರಣಕ್ಕೆ. ಹಾಸ್ಟೆಲಿನಲ್ಲಿ ವೈಫೈ ಇಲ್ಲ, ದಿನಕ್ಕೆ ಒಂದೂವರೆ ಜಿಬಿ ಮೊಬೈಲ್ ಡೇಟಾ, ಲ್ಯಾಪ್‌ಟಾಪಿನ ಡಿಸ್ಕೂ ತುಂಬಿದೆ.

ಒಂದು ವಾರ ಬಿಟ್ಟು ಪರದೆಯ ಫೋಟೋ ಬಂತು. ಇಷ್ಟು ಬಿಲ್ಡ್ ಸ್ಕ್ರಿಪ್ಟುಗಳನ್ನು ಓಡಿಸಿಲ್ಲ, ಬೇಕಿದ್ದರೆ ನೀನೇ ಒಪ್ಪಿಗೆ ಕೊಡು ಅನ್ನೋ ಚೌಕಟ್ಟು. "ಅಣ್ಣ, ಇದು ಕೈ ಕೊಡ್ತಿದೆ. ಎಲ್ಲಕ್ಕೂ ಓಕೆ ಒತ್ತಿಬಿಡ್ಲಾ?"

"ಹೆಸರು ಓದು ಮೊದಲು."

"ಶಾರ್ಪ್, ಇಎಸ್‌ಬಿಲ್ಡ್... ಇನ್ನೊಂದು ಏನೋ ಇದೆ."

"ಅದನ್ನ ಯಾರು ತಂದಿದ್ದು?"

ಐದು ನಿಮಿಷ ಸದ್ದಿಲ್ಲ. ಆಮೇಲೆ ಬಂತು. ಟೀಮಿನಲ್ಲಿ ಒಬ್ಬ ಯೂಟ್ಯೂಬ್ ನೋಡಿಕೊಂಡು ಪ್ರಯತ್ನಕ್ಕೆ ಅಂತ ಹಾಕಿದ್ದನಂತೆ, ಈಗ ಯಾರೂ ಬಳಸುತ್ತಿಲ್ಲ. ತೆಗೆಸಿದೆ. ಉಳಿದ ಎರಡಕ್ಕೆ ಒಪ್ಪಿಗೆ ಕೊಡು ಅಂದೆ, ಕೊಟ್ಟ, ಓಡಿತು.

"ಲಾಕ್‌ಫೈಲನ್ನೂ ಗಿಟ್‌ಗೆ ಹಾಕಿ ಕಳಿಸು, ಒಮ್ಮೆ ನೋಡ್ತೀನಿ" ಅಂದೆ. ಗಿಟ್ ಅಂದರೆ ಟೀಮಿನವರೆಲ್ಲ ಕೋಡು ಹಂಚಿಕೊಳ್ಳುವ ವ್ಯವಸ್ಥೆ.

"ಅದಾ? ಅದು ಆರು ಸಾವಿರ ಸಾಲು ಇತ್ತು ಅಣ್ಣ. ಕಸ ಅಂದ್ಕೊಂಡು ಗಿಟ್ ಇಗ್ನೋರ್‌ಗೆ ಸೇರಿಸಿದ್ವಿ."

ಫೋನು ಕೆಳಗಿಟ್ಟೆ. ಒಂದು ಲೋಟ ನೀರು ಕುಡಿದೆ. ಆಮೇಲೆ ಕಾಲ್ ಮಾಡಿದೆ.